ಖಾತೆದಾರಳ ಹೆಸರು

“ಹೆಸರುಗಳು ಹೊಂದುತ್ತಿಲ್ಲ” ಎಂದು ಫೋನು ಮೂರನೆಯ ಸಲವೂ ಹೇಳಿತು.

ಬಸವಲಿಂಗ ಅದನ್ನು ಮೇಜಿನ ಮೇಲೆ ಬೋರಲು ಹಾಕಿದ. ಹಾಳಾಗಿ ಹೋಗಲಿ ಅಂದುಕೊಂಡ. ಅಂದುಕೊಂಡಷ್ಟು ಸುಲಭವಾಗಿ ಬಿಟ್ಟುಬಿಡುವ ಜಾಯಮಾನ ಅವನದಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅರ್ಧ ನಿಮಿಷಕ್ಕೆ ಮತ್ತೆ ಎತ್ತಿಕೊಂಡ.

ಗುರುವಾರ, ಪುಣೆಯ ಭೋಸರಿಯ ಕಾರ್ಖಾನೆಗಳಿಗೆ ವಾರದ ರಜೆ. ಅಲ್ಲಿನ ಒಂದು ಕಂಪನಿಯಲ್ಲಿ ಅವನು ನಕ್ಷೆಗಳನ್ನು ಕಾಯುವ ಅಧಿಕಾರಿ. ನಕ್ಷೆಯ ಮೇಲಿನ ನಂಬರೂ ಕಡತದ ನಂಬರೂ ಹೊಂದದಿದ್ದರೆ ತಿರುಗಿ ಕಳಿಸುವುದು ಅವನ ಕೆಲಸ. ಎಷ್ಟೋ ವರ್ಷಗಳಿಂದ ಬೇರೆಯವರ ಮುಖಕ್ಕೆ ತಾನು ಹೇಳುತ್ತ ಬಂದ ಮಾತನ್ನು ಈ ದಿನ ಫೋನು ಅವನ ಮುಖಕ್ಕೇ ಹೇಳುತ್ತಿತ್ತು.

ವಿಷಯ ಇಷ್ಟೇ. ಮನೆಯ ಮೂರು ಫೋನುಗಳ ಬಿಲ್ಲು ಪ್ರತಿ ತಿಂಗಳು ಅವನ ಕ್ರೆಡಿಟ್ ಕಾರ್ಡಿನಿಂದ ತಾನಾಗಿಯೇ ಕಟ್ಟಿಹೋಗುತ್ತಿತ್ತು. ಹಾಗೆ ಕಟ್ಟುವವರಿಗೆ ಫೋನ್ ಕಂಪನಿ ನೂರೈವತ್ತು ರೂಪಾಯಿ ರಿಯಾಯಿತಿ ಕೊಡುತ್ತಿತ್ತು. ಈಗ ಹೊಸ ನಿಯಮ ಬಂದಿದೆ. ಕಾರ್ಡು ನಡೆಯುವುದಿಲ್ಲ. ರಿಯಾಯಿತಿ ಬೇಕಾದರೆ ಬ್ಯಾಂಕ್ ಖಾತೆಯಿಂದಲೇ ಹೋಗಬೇಕು, ಖಾತೆಯೂ ಫೋನೂ ಒಬ್ಬರ ಹೆಸರಿನಲ್ಲೇ ಇರಬೇಕು. ಮೂರೂ ಫೋನು ಇರುವುದು ದೀಪಾಲಿ ಬಸವಲಿಂಗ ಹತ್ತಿ ಎಂಬ ಹೆಸರಿನಲ್ಲಿ. ಅಂದರೆ ಅವನ ಹೆಂಡತಿ. ಹೆಂಡತಿಯ ಬ್ಯಾಂಕ್ ಖಾತೆ ಇರುವುದು ಸುರಭಿ ಅಂಬಣ್ಣ ಕೋರಿ ಎಂಬ ಹೆಸರಿನಲ್ಲಿ. ಅದೂ ಅವಳೇ. ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವುದು ಸೊಲ್ಲಾಪುರದ ಕಡೆಯ ಅವರ ಮನೆತನಗಳ ಪದ್ಧತಿ. ಇದು ಕಂಪನಿಯ ಯಂತ್ರಕ್ಕೆ ಗೊತ್ತಿಲ್ಲ, ಗೊತ್ತಾದರೂ ಅದಕ್ಕೆ ಬೇಕಾಗಿಲ್ಲ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಾಗ ಅವನು ಎದ್ದು ಬಾಗಿಲಿಗೆ ಬಂದ.

“ಕೇಳಿಲ್ಲೆ.”

“ಕೇಳಾಕತ್ತೀನಿ, ಹೇಳ್ರಿ.”

“ಬ್ಯಾಂಕಿನ್ಯಾಗ ಒಂದ ಫಾರ್ಮ್ ತುಂಬಿದ್ರ ಆತು. ಹೆಸರು ಬದಲಿ ಮಾಡೂದು. ಒಂದ ಸಹಿ.”

“ಯಾರ ಸಹಿ?”

“ನಿಂದ.”

“ನಂದು ಅಂದ್ರ ಯಾರದು?”

ಅವಳು ನಗುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿದಳು. ಅವಳ ಹಣೆಗೆ ಹಿಟ್ಟು ಮೆತ್ತಿತ್ತು. ಅದನ್ನು ಒರೆಸಬೇಕೆಂದು ಅವನ ಕೈಗೆ ಅನ್ನಿಸಿತು, ಆದರೆ ಕೈಯಲ್ಲಿ ಫೋನಿತ್ತು.

“ಚಾಷ್ಟಿ ಬ್ಯಾಡ. ತಿಂಗಳಾ ನೂರೈವತ್ತ ರೂಪಾಯಿ ಸುಮ್ನ ಹೊಂಟಾವ.”

“ಹೋಗ್ಲಿ ಬಿಡ್ರಿ. ಒಂದ್ ಹೊತ್ತು ಹೊರಗ ಉಂಡ್ರ ಅದರ ನಾಕ ಪಟ್ಟು ಹೋಗ್ತಾವ.”

“ರೊಕ್ಕದ ಮಾತಲ್ಲದು.”

“ಮತ್ತ ಯಾವದರ ಮಾತು?”

ಅವನು ‘ಒಂದು ಪದ್ಧತಿ ಅಂತ ಇರ್ತದ’ ಎನ್ನಲು ಹೊರಟಿದ್ದ. ಅಷ್ಟರಲ್ಲಿ ಅವಳು ತಾಟಿಗೆ ರೊಟ್ಟಿ ಹಾಕಿ, ಶೇಂಗಾ ಹಿಂಡಿ ಬಡಿಸಿ, “ಬಿಸೀದು ತಿನ್ರಿ, ಆರ್ತದ” ಎಂದಳು. ಇಪ್ಪತ್ತೊಂದು ವರ್ಷಗಳಿಂದ ಹೀಗೇ. ಅವನು ಪ್ರಶ್ನೆ ಕೇಳುತ್ತಾನೆ, ಅವಳು ತಾಟಿಗೆ ಏನಾದರೂ ಬಡಿಸುತ್ತಾಳೆ. ರುಚಿಯಾಗಿರುತ್ತದೆ, ಅವನು ತಿನ್ನುತ್ತಾನೆ, ಪ್ರಶ್ನೆ ಮರೆತುಹೋಗುತ್ತದೆ.

ಈ ಸಲ ಮರೆಯಲಿಲ್ಲ. ತಿನ್ನುತ್ತ ಯೋಚಿಸಿದ. ಆಧಾರ್, ರೇಷನ್ ಕಾರ್ಡು, ಮತದಾರರ ಚೀಟಿ ಎಲ್ಲ ಎಂದೋ ದೀಪಾಲಿಯಾಗಿದ್ದವು. ಮದುವೆಗೆ ಮುಂಚೆ ಅವಳು ಎರಡು ವರ್ಷ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದಾಗ ತೆಗೆಸಿದ ಈ ಒಂದು ಖಾತೆ ಮಾತ್ರ ಹಾಗೇ ಉಳಿದಿತ್ತು. ಮದುವೆ ಪ್ರಮಾಣಪತ್ರದ ಜೆರಾಕ್ಸ್ ಇಟ್ಟುಕೊಂಡು ಬ್ಯಾಂಕಿನವರು ಇಬ್ಬರೂ ಒಬ್ಬಳೇ ಎಂದು ಒಪ್ಪಿ ಸುಮ್ಮನಾಗಿದ್ದರು. ಅವಳನ್ನು ಸುರಭಿ ಎಂದು ಕರೆಯುತ್ತಿದ್ದವನು ಅವಳಪ್ಪ ಅಂಬಣ್ಣ ಒಬ್ಬನೇ. ಅವನು ತೀರಿಕೊಂಡು ಮೂರು ವರ್ಷವಾಯಿತು. ಈಗ ಆ ಹೆಸರು ಬದುಕಿರುವುದು ಒಂದು ಪಾಸ್‌ಬುಕ್ಕಿನಲ್ಲಿ. ಒಂದು ಸಹಿ ಬಿದ್ದರೆ ಅಲ್ಲಿಂದಲೂ ಹೋಗುತ್ತದೆ.

ಇದೆಲ್ಲ ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿದ್ದೂ ಕೈ ತೊಳೆದುಕೊಂಡು ಬಂದು, “ಪಾಸ್‌ಬುಕ್ ಒಯ್ಯಲೇನು?” ಎಂದು ಕೇಳಿದ.

ಅವಳು ಕೈ ಒರೆಸಿಕೊಂಡು ಬಂದು, ಕಪಾಟಿನ ಸೀರೆಗಳ ಮಡಿಕೆಯಿಂದ ತೆಗೆದುಕೊಟ್ಟಳು. “ಒಯ್ರಿ. ಹೊಳ್ಳಿ ತಂದು ನನ್ನ ಕೈಯಾಗ ಕೊಡ್ರಿ.”

ಯಾವ್ಯಾವ ಕಾಗದ ಬೇಕೆಂದು ಕೇಳಿಕೊಂಡೇ ಬ್ಯಾಂಕಿಗೆ ಹೋಗುವುದೆಂದು, ಮೊದಲು ಆಳಂದಿ ರಸ್ತೆಯ ಫೋನ್ ಕಂಪನಿಯ ಅಂಗಡಿಗೆ ಹೋದ. ಒಳಗೆ ಚಳಿ. ಚೀಟಿ ತೆಗೆದುಕೊಂಡು ಕುಳಿತ. ಅವನಿಗಿಂತ ಮೊದಲಿನ ನಂಬರಿನವನು ಕೌಂಟರಿನಲ್ಲಿ ಮರಾಠಿಯಲ್ಲಿ ಕೂಗಾಡುತ್ತಿದ್ದ. ದುಡ್ಡು ನನ್ನದು, ಕಾರ್ಡು ನನ್ನದು, ಹೇಗೆ ಕೊಟ್ಟರೆ ನಿಮಗೇನು ತ್ರಾಸು? ಹತ್ತು ವರ್ಷ ತಪ್ಪದೆ ಕಟ್ಟಿದವನಿಗೆ ಇದಾ ಮರ್ಯಾದೆ? ಬಸವಲಿಂಗನಿಗೆ ಒಳಗೊಳಗೇ ಹಿತವಾಯಿತು. ಎದ್ದು ಹೋಗಿ ಅವನ ಭುಜದ ಮೇಲೆ ಕೈಯಿಡಬೇಕು ಅನ್ನಿಸಿತು. ಆದರೆ ಆ ಮನುಷ್ಯ ತಿರುಗಿ ಅವನ ಕಡೆ ನೋಡಿದಾಗ ಕತ್ತು ಬಗ್ಗಿಸಿ ಕಾಗದಗಳನ್ನು ಎಣಿಸತೊಡಗಿದ. ಅವನು ಯಾವಾಗಲೂ ಇಷ್ಟೇ.

ಅವನ ಸರದಿ ಬಂತು. ಕೌಂಟರಿನ ಹುಡುಗಿಯ ಎದೆಯ ಮೇಲೆ ಶೀತಲ ಎಂಬ ಬಿಲ್ಲೆ ಇತ್ತು. ಅವನು ಮರಾಠಿಯಲ್ಲೇ ಶುರುಮಾಡಿ, ಪ್ರಮಾಣಪತ್ರ ಸಿಗದೆ “ಎಲ್ಲಿ ಹೋತಿದು” ಎಂದು ಗೊಣಗಿಕೊಂಡ.

“ಸಾವಕಾಶ ಹುಡುಕ್ರಿ ಕಾಕಾ, ಅವಸರಿಲ್ಲ,” ಎಂದಳು ಅವಳು ಕನ್ನಡದಲ್ಲಿ. “ನಮ್ಮಪ್ಪ ಕಲಬುರಗಿ ಕಡೆಯಾಂವ. ಹುಸೇನಪ್ಪ ಅಂತ. ಇಲ್ಲೇ ಮಗರಪಟ್ಟಾದ ಬಿಲ್ಡಿಂಗ್ ಕಟ್ಟುವಾಗ ಕೆಲಸಕ್ಕ ಬಂದಾಂವ, ಹೋಗ್ಲೇ ಇಲ್ಲ.”

ಅವಳು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ಹುಬ್ಬು ಮೇಲೇರಿತು.

“ಇವ್ರಿಬ್ರೂ ಯಾರ್ರಿ?”

“ನನ್ನ ಹೆಂಡ್ತಿ.”

“ಇಬ್ರೂ?”

“ಒಬ್ಬಾಕಿನ. ಲಗ್ನದಾಗ ಹೆಸರು ಬದಲಿ ಆಗೇದ.”

“ಯಾರು ಇಟ್ರು?”

ನಾನೇ, ಎಂದ. ಹೇಳಿದ ಮೇಲೆ ಅದು ನಿಜವೇ ಎಂದು ಅನುಮಾನವಾಯಿತು. ಹೆಸರು ಅವ್ವ ರುದ್ರವ್ವ ಆರಿಸಿದ್ದಳು. ಅವನ ಮುಂದೆ ಅಕ್ಕಿಯ ತಾಟು ತಂದಿಟ್ಟರು, ಬರೆ ಎಂದರು, ಅವನು ಬಂಗಾರದ ಉಂಗುರದಿಂದ ಬರೆದ. ಬರೆಯುವಾಗ ಅಕ್ಷರ ಚೆನ್ನಾಗಿ ಬರಲಿ ಎಂಬುದಷ್ಟೇ ತಲೆಯಲ್ಲಿತ್ತು. ಎದುರು ಕುಳಿತ ಮದುಮಗಳು ತನ್ನ ಹೊಸ ಹೆಸರನ್ನು ತಲೆಕೆಳಗಾಗಿ ಓದಿಕೊಂಡಳು. ತುಟಿ ಅಲ್ಲಾಡಿದ್ದು ಅವನಿಗೆ ಕಂಡಿತ್ತು. ಹಿಡಿಸಿತೇ ಎಂದು ಯಾರೂ ಕೇಳಲಿಲ್ಲ. ಆಮೇಲೆ ಮದುವೆ ಮಾಡಿಸಿದ ಅಯ್ಯನವರು ಆ ಅಕ್ಕಿಯನ್ನು ಜೋಳಿಗೆಗೆ ಸುರಿದುಕೊಂಡು ಹೋದರು.

“ಎರಡರಾಗ ಒಂದ ಇಟ್ಕೋಬೇಕ್ರಿ ಕಾಕಾ,” ಶೀತಲ ಹೇಳುತ್ತಿದ್ದಳು. “ಬ್ಯಾಂಕಿನ್ಯಾಗ ದೀಪಾಲಿ ಮಾಡಸ್ರಿ. ಇಲ್ಲಾಂದ್ರ ಫೋನ್ ನಾ ಇಲ್ಲೇ ಸುರಭಿ ಅಂತ ಮಾಡಿಕೊಡ್ತೀನಿ. ಈ ಸರ್ಟಿಫಿಕೇಟ್ ಅದ ಅಲ್ಲ, ಹತ್ತು ಮಿನಿಟಿನ ಕೆಲಸ.”

ಬಸವಲಿಂಗ ಅವಳನ್ನು ನೋಡಿದ. ಫೋನನ್ನೇ ಸುರಭಿಯ ಹೆಸರಿಗೆ ಮಾಡಬಹುದು ಎಂಬುದು ಬೆಳಗಿನಿಂದ ಅವನಿಗೆ ಹೊಳೆದೇ ಇರಲಿಲ್ಲ. ಬದಲಾಗಬೇಕಾದವಳು ಸುರಭಿಯೇ ಎಂದು ಹಟ ಹಿಡಿದು ಮೂರು ತಾಸು ಕಳೆದಿದ್ದ. ಯಾವ ನಿಯಮವೂ ಹಾಗೆ ಹೇಳಿರಲಿಲ್ಲ.

“ಕಾಕೂನ ಒಪ್ಪಿಗಿ ಬೇಕು. ಫೋನ್ ಹಚ್ತೀನಿ, ಸ್ಪೀಕರ್ ಮ್ಯಾಲೆ ಮಾತಾಡ್ಬೇಕ್ರಿ, ರೆಕಾರ್ಡ್ ಆಗ್ತದ.”

ಮೂರು ಸಲ ಗಂಟೆಯಾಯಿತು.

“ಸುರಭಿ ಅವ್ರಾ?”

ಆ ಕಡೆ ಏನೋ ಪಾತ್ರೆ ಕೆಳಗಿಟ್ಟ ಸದ್ದು. ಆಮೇಲೆ ಒಂದು ಧ್ವನಿ ಬಂತು. “ಹೂಂ, ನಾನ. ಯಾರು?”

ಬಸವಲಿಂಗ ಕುರ್ಚಿಯಲ್ಲೇ ಮುಂದೆ ಬಾಗಿದ. ಆಟ ಅರ್ಧಕ್ಕೆ ಬಿಟ್ಟು ಓಡಿಬಂದ ಹುಡುಗಿಯ ಧ್ವನಿ ಅದು. ಹಗುರ, ಚುರುಕು, ಯಾರೋ ಕರೆದರಲ್ಲ ಎಂಬ ಖುಷಿ. ತನ್ನ ಮನೆಯಲ್ಲಿ, ತನ್ನ ಪಕ್ಕದಲ್ಲಿ ಇಷ್ಟು ವರ್ಷ ಈ ಧ್ವನಿಯವಳು ಇದ್ದಳೇ? ಅವನಿಗೆ ಕೌಂಟರಿನ ಹುಡುಗಿಯ ಮೇಲೆ ಹೊಟ್ಟೆಕಿಚ್ಚಾಯಿತು.

ಶೀತಲ ಎಲ್ಲ ವಿವರಿಸಿದಳು. ಯಾವ ಹೆಸರು ಇಡೋಣ್ರಿ ಕಾಕು, ಎಂದು ಕೇಳಿದಳು.

ಧ್ವನಿ ನಿಧಾನವಾಯಿತು, ಪರಿಚಿತವಾಯಿತು. “ಅವ್ರು ಅಲ್ಲೇ ಅದಾರೇನು?”

“ಅದಾರ್ರಿ. ಎದುರಿಗೇ ಕುಂತಾರ.”

“ಹಂಗಾರ ಅವ್ರನ್ನ ಕೇಳವ್ವಾ. ನನಗ ಏನಂತ ಕರೀತಾರ ಅಂತ ಕೇಳು. ಅದನ್ನ ಬರಕೋ, ನನ್ನ ಒಪ್ಪಿಗಿ ಅದ.” ನಗು ಕೇಳಿಸಿತು. “ಇಡ್ತೀನಿ, ಕುಕ್ಕರ್ ಕೂಗಾಕತ್ತೇತಿ.”

ಶೀತಲ ಕೀಲಿಗಳ ಮೇಲೆ ಬೆರಳಿಟ್ಟು ಅವನತ್ತ ತಿರುಗಿದಳು. “ಏನಂತ ಕರೀತೀರ್ರಿ?”

“ಹಂಗ… ಕರಿಯಂಗಿಲ್ಲ.”

“ಅಂದ್ರ?”

“‘ಕೇಳಿಲ್ಲೆ’ ಅಂತೀನಿ.”

ಅವಳು ನಗಲಿಲ್ಲ. “ನಮ್ಮಪ್ಪನೂ ಹಂಗ. ಅವ್ವಗ ‘ಏ’ ಅಂತಾನ. ಆದ್ರ ಅದು ಸಿಸ್ಟಮ್ ತಗೊಳ್ಳಂಗಿಲ್ರಿ ಕಾಕಾ.”

ಅವನು ಲೆಕ್ಕ ಹಾಕಿದ. ಮಗಳು ಸ್ನೇಹಲ್ ಮಮ್ಮಿ ಅನ್ನುತ್ತಾಳೆ. ನೆರೆಹೊರೆಯ ಮರಾಠಿಯವರಿಗೆ ಅವಳು ಸ್ನೇಹಲ್‌ನ ‘ಆಯಿ’, ತಾಯಿ. ರುದ್ರವ್ವ ಸಾಯುವತನಕ ‘ನಮ್ಮ ಹುಡುಗಿ’ ಎಂದಳು. ದೀಪಾಲಿ ಎಂದು ಅವಳನ್ನು ಕರೆಯುತ್ತಿದ್ದದ್ದು ಒಂದೇ ಒಂದು, ಪ್ರತಿ ತಿಂಗಳು ಬರುವ ಫೋನ್ ಬಿಲ್ಲು.

“ಅರ್ಜಿ ಹಂಗ ಇಟ್ಟಿರ್ತೀನಿ. ಇವತ್ತ ಸಂಜೀ ಏಳರೊಳಗ ಫೋನ್ ಮಾಡಿ ಹೆಸರು ಹೇಳ್ರಿ. ಆಮ್ಯಾಲ ತಾನ ಅಳಿಸಿ ಹೋಗ್ತದ.”

ನಡೆದೇ ಹೊರಟ. ಬಿಸಿಲು ಚುರುಗುಟ್ಟುತ್ತಿತ್ತು. ಯಾರೂ ಹತ್ತಿರವಿಲ್ಲದ ಕಡೆ ಬಾಯಲ್ಲಿ ಅಂದು ನೋಡಿದ. ದೀಪಾಲಿ. ಕಟ್ಟದೆ ಉಳಿದ ಬಾಕಿಯ ಹಾಗೆ ಕೇಳಿಸಿತು. ಸುರಭಿ. ಅದು ಬೇರೆ ಯಾರದೋ ಮನೆಯ ಹೆಣ್ಣುಮಗಳ ಹೆಸರಿನಂತಿತ್ತು, ತಾನು ಕರೆದರೆ ಅವಳಪ್ಪ ಏಕೆ ಎಂದು ಕೇಳಿಯಾನು. ಬರೀ ಹೆಸರು ಬಿಟ್ಟು ಅವಳನ್ನು ನೆನೆದರೆ ಎಲ್ಲ ಸರಾಗವಾಗಿತ್ತು. ಅವಳು ಊದಿ ಊದಿ ಚಹಾ ಕುಡಿಯುವುದು, ಬಸ್ಸಿನಲ್ಲಿ ಅವನ ಭುಜಕ್ಕೆ ತಲೆಯಿಟ್ಟು ನಿದ್ದೆಹೋಗುವುದು, ಜ್ವರ ಬಂದಾಗ ಅವನ ಕಾಲು ತಿಕ್ಕುತ್ತ ಕಂಪನಿಯವರನ್ನು ಬೈಯುವುದು. ಅವಳೆಂದರೆ ಅವನಿಗೆ ಜೀವ. ಅದರಲ್ಲಿ ಸಂಶಯವಿರಲಿಲ್ಲ. ಯಾರೆಂದರೆ ಜೀವ ಎಂದು ಕೇಳಿದರೆ ಮಾತ್ರ ನಾಲಿಗೆ ಏಳುತ್ತಿರಲಿಲ್ಲ.

ಕೈಗಾಡಿಯ ಮೇಲೆ ಪೇರಲ ಇದ್ದವು. ಅವಳಿಗೆ ಸೇರುತ್ತವೆ ಎಂದು ಅರ್ಧ ಕಿಲೋ ಕೊಂಡ. ಮನೆಗೆ ಹೋಗಿ ಬಾಗಿಲಲ್ಲೇ ಹೆಸರು ಹಿಡಿದು ಕರೆಯುವುದು ಎಂದು ನಿರ್ಧರಿಸಿದ. ಯಾವ ಹೆಸರು ಬಾಯಿಗೆ ಬಂದರೆ ಅದು. ಅವಳು ಹೊರಗೆ ಬಂದರೆ, ಅದನ್ನೇ ಬರೆಸುವುದು.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹೊಸ ವಾಚ್‌ಮನ್ ಕುಳಿತಿದ್ದ. ಆ ದಿನವೇ ಸೇರಿದವನಿರಬೇಕು. ಅವನು ಎದ್ದು ಅಡ್ಡ ನಿಂತು, ದಾರ ಕಟ್ಟಿದ ಪೆನ್ನಿನೊಂದಿಗೆ ಒಂದು ರಿಜಿಸ್ಟರು ಮುಂದೆ ಚಾಚಿದ. ಬಂದು ಹೋಗುವವರು ಬರೆಯುವ ಪುಸ್ತಕ ಅದು. ಬಂದವರ ಹೆಸರು, ಮನೆ ನಂಬರು, ಯಾರನ್ನು ನೋಡಬೇಕು.

ನಾನು ಇಲ್ಲಿಯವನೇ, ಎನ್ನಬಹುದಿತ್ತು. ಅನ್ನಲಿಲ್ಲ. ಯಾಕೋ ಪೆನ್ನು ತೆಗೆದುಕೊಂಡ. ಬಸವಲಿಂಗ ಹತ್ತಿ ಎಂದು ದುಂಡಗೆ ಬರೆದ. ಪಕ್ಕದಲ್ಲಿ ಮುನ್ನೂರ ನಾಲ್ಕು ಎಂದು ಬರೆದ. ಪೆನ್ನು ಮೂರನೆಯ ಖಾನೆಗೆ ಬಂದು ನಿಂತಿತು.

ಮೂರನೆಯ ಅಂತಸ್ತಿನ ಗ್ಯಾಲರಿಯಲ್ಲಿ ಅವಳು ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಬೆನ್ನು ಈ ಕಡೆಗಿತ್ತು. ಕರೆದರೆ ಕೇಳಿಸುವಷ್ಟು ಹತ್ತಿರ. ಅವನು ಬಾಯಿ ತೆರೆದ. ಅವಳು ಕೊನೆಯ ಅಂಗಿ ಎಳೆದುಕೊಂಡು ಒಳಗೆ ಹೋದಳು.

ವಾಚ್‌ಮನ್ ಸ್ವಲ್ಪ ಹೊತ್ತು ಕಾದ. ಅವನು ಒಳ್ಳೆಯ ಮನುಷ್ಯ. ತನ್ನ ಹೆಸರಿಗಿಂತ ಹೆಚ್ಚು ಬರೆಯಲು ತಿಳಿಯದವರನ್ನು ಬೇಕಾದಷ್ಟು ಕಂಡವನು. ಪೆನ್ನನ್ನು ಮೆಲ್ಲಗೆ ಇವನ ಕೈಯಿಂದ ತೆಗೆದುಕೊಂಡು, ಖಾಲಿ ಖಾನೆಯಲ್ಲಿ ತಾನೇ ಒಂದು ಅಡ್ಡಗೆರೆ ಎಳೆದು, ಗೇಟು ತೆರೆದು, ಹೋಗಿ ಎಂದು ಕೈ ಮಾಡಿದ.