ತಟ್ಟೆಯ ತುದಿಯ ಏಳು ಚುಕ್ಕೆ

ಪರ್ಸಿಗೆ ಚಿನ್ನದ ಹುಚ್ಚು ಅಂತ ನಮ್ಮ ಗಣಿಯೂರು ಮೀಕಥಾರದಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಸುಳ್ಳು. ಅವನಿಗಿದ್ದದ್ದು ಮಣ್ಣಿನ ಹುಚ್ಚು. ಸಿಕ್ಕ ಚಿನ್ನವನ್ನು ನಾಲ್ಕು ದಿನದಲ್ಲಿ ಮರೆಯುತ್ತಿದ್ದ. ಅದು ಯಾವ ದಾರಿ ಹಿಡಿದು ಬಂತೆಂಬುದನ್ನು ಮರೆಯುತ್ತಿರಲಿಲ್ಲ. ಅವನನ್ನು ಕಟ್ಟಿಕೊಂಡು ಇಪ್ಪತ್ತೆಂಟು ವರ್ಷ ಕೆಂಪು ಧೂಳು ತಿಂದವಳು, ನನಗೆ ಗೊತ್ತಿಲ್ಲವೇ?

ನಮ್ಮ ಕೆಲಸ ಇಷ್ಟೇ. ಗುಡ್ಡದ ಬುಡದಿಂದ ಹತ್ತು ಹೆಜ್ಜೆಗೊಂದರಂತೆ ಚೀಲಕ್ಕೆ ಮಣ್ಣು ತುಂಬುವುದು, ಬಿಡಾರಕ್ಕೆ ತಂದು ಅಗಲ ತಟ್ಟೆಯಲ್ಲಿ ತೊಳೆಯುವುದು. ವಾರವೆಲ್ಲ ಅದೇ ತೊಟ್ಟಿಯ ನೀರು. ಮಣ್ಣು ಹೋದ ಮೇಲೆ ಅಂಚಿನಲ್ಲಿ ಕರಿಮರಳಿನ ಬಾಲ ಉಳಿಯುತ್ತದೆ. ಅದರ ತುದಿಯಲ್ಲಿ ಚಿನ್ನದ ಚುಕ್ಕೆ ಎಣಿಸಬೇಕು. ಹೆಚ್ಚು ಸಿಕ್ಕ ಕಡೆಗೆ ಗುಡ್ಡ ಹತ್ತಬೇಕು.

“ಬಂಡೆ ಕೊಳೆತು ಮಣ್ಣಾದಾಗ ಚಿನ್ನ ಮನೆ ಬಿಡುತ್ತೆ ಕಣೇ ಥೆಲ್ಮಾ,” ಎನ್ನುತ್ತಿದ್ದ. “ಮಳೆ ಬಂದ್ರೆ ಒಂದು ಹೆಜ್ಜೆ ಕೆಳಕ್ಕೆ, ಆಮೇಲೆ ನೂರು ವರ್ಷ ನಿದ್ದೆ. ಚುಕ್ಕೆ ಒರಟಾಗಿದ್ರೆ ತವರು ಹತ್ತಿರ ಇದೆ ಅಂತ. ದೂರ ಬಂದಷ್ಟೂ ಮೂಲೆ ಸವೆದು ನುಣ್ಣಗಾಗುತ್ತೆ. ನೀನು ತವರು ಬಿಟ್ಟು ಇಷ್ಟು ವರ್ಷ ಆಯ್ತು, ನಿನ್ನದು ಮಾತ್ರ ಒಂದು ಮೂಲೆನೂ ಸವೆದಿಲ್ಲ ನೋಡು!”

“ಸವೀಬೇಕಾದ್ರೆ ಈ ಹಾಳೂರಲ್ಲಿ ಮಳೆ ಬರ್ಬೇಕಲ್ಲ!”

ಐವತ್ತನಾಲ್ಕನೇ ಇಸವಿಯ ಹೊತ್ತಿಗೆ ಅವನ ಕಣ್ಣಿಗೆ ಪೊರೆ ಬಂತು. ತಟ್ಟೆ ಆಡಿಸುವವನು ಅವನು, ಎಣಿಸುವವಳು ನಾನು. ಗೆರಾಲ್ಡ್‌ಟನ್‌ನಲ್ಲಿ ಸಮುದ್ರದ ಪಕ್ಕದ ತನ್ನ ಮನೆಯಲ್ಲಿ ನನ್ನ ತಂಗಿ ಆಲಿವ್ ನಮಗೊಂದು ಕೋಣೆ ಇಟ್ಟಿದ್ದಳು. ನಲ್ಲಿ ತಿರುಗಿಸಿದರೆ ನೀರು ಬರುವ ಮನೆ! ನನಗೂ ಸಾಕಾಗಿತ್ತು.

“ಈ ಗುಡ್ಡವೇ ಕೊನೆ. ಇಲ್ಲಿ ಚುಕ್ಕೆ ಕೈಕೊಟ್ರೆ ಗಂಟುಮೂಟೆ ಕಟ್ಟೋದು,” ಎಂದೆ.

“ಆಯ್ತು ಮಾರಾಯ್ತಿ,” ಎಂದ. ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ಬುಡದಲ್ಲಿ ಎರಡು ಚುಕ್ಕೆ, ಮೇಲಿನ ಸಾಲಿನಲ್ಲಿ ಮೂರು, ಆಮೇಲೆ ಏನೂ ಇಲ್ಲ. ಉಳಿದದ್ದು ಒಂದೇ ಚೀಲ. ಅವನು ತೊಳೆಯುವಾಗ ನಾನು ಮನಸ್ಸಿನಲ್ಲೇ ಗೆರಾಲ್ಡ್‌ಟನ್ನಿನ ಕೋಣೆಗೆ ಪರದೆ ಹಾಕುತ್ತಿದ್ದೆ. ತಟ್ಟೆ ಮುಂದೆ ಹಿಡಿದ. ಬರೀ ಕರಿಮರಳು. ಒಂದು ಚುಕ್ಕೆಯೂ ಇರಲಿಲ್ಲ.

“ಎಷ್ಟು?” ಎಂದ. ನನ್ನನ್ನು ನೋಡುತ್ತಿದ್ದೇನೆ ಅಂದುಕೊಂಡು ಪಕ್ಕದ ಸಕ್ಕರೆ ಡಬ್ಬಿಯನ್ನು ನೋಡುತ್ತಿದ್ದ. ಅಯ್ಯೋ, ಆ ಮುಖ!

“ಏಳು,” ಅಂದುಬಿಟ್ಟೆ.

ಅವನು ಹೆಬ್ಬೆರಳನ್ನು ಮರಳಿನ ತುದಿಗೆ ಒತ್ತಿ ಬಹಳ ಹೊತ್ತು ಉಜ್ಜಿದ. “ಒರಟು!” ಎಂದ. “ತವರು ಇಲ್ಲೇ ಇದೆ ಕಣೇ, ಕಾಲ ಕೆಳಗೇ!” ಪಾಪ, ಮರಳನ್ನೇ ಚಿನ್ನ ಅಂದುಕೊಂಡ ಎಂದು ನಾನು ಮುಖ ತಿರುಗಿಸಿದೆ.

ಚಳಿಗಾಲವೆಲ್ಲ ಅಲ್ಲೇ ಬಾವಿ ತೋಡಿದೆವು. ಅವನು ಕೆಳಗೆ ಅಗೆದು ತುಂಬಿದ ಬಕೆಟ್ ನಾನು ಮೇಲೆಳೆಯುತ್ತಿದ್ದೆ. ಅವನು ಕೆಳಗಿನಿಂದ ಅಪಸ್ವರದಲ್ಲಿ ಹಾಡುತ್ತಿದ್ದ, “ಬಾಯಿ ಮುಚ್ಚು, ಬಾವಿ ಕುಸಿದೀತು!” ಎಂದು ನಾನು ಕೂಗುತ್ತಿದ್ದೆ. ಬೂದಿಯಲ್ಲಿ ಸುಟ್ಟ ರೊಟ್ಟಿ, ಕರಿ ಚಹಾ. ಅಂಥ ಸುಖದ ದಿನಗಳು ನನಗೆ ಆಮೇಲೆ ಸಿಗಲಿಲ್ಲ. ನಲ್ಲಿಯ ನೀರಿನಲ್ಲೂ ಸಿಗಲಿಲ್ಲ.

ನಲವತ್ತು ಅಡಿ ಇಳಿದರೂ ಬರೀ ಬಿಳಿ ಜೇಡಿ. ಬೇಸಿಗೆಯ ಬಿಸಿಲು ಶುರುವಾದ ಮೇಲೆ ಒಂದು ದಿನ ಅವನೇ ಮೇಲೆ ಬಂದ. “ಈ ಜೇಡಿ ತನ್ನ ಚಿನ್ನವನ್ನೆಲ್ಲ ಎಂದೋ ನೀರಿಗೆ ಕೊಟ್ಟು ಕೈತೊಳ್ಕೊಂಡಿದೆ. ಇನ್ನೂ ಆಳದಲ್ಲಿ ಎಲ್ಲೋ ಗುಡ್ಡೆ ಹಾಕ್ಕೊಂಡಿರುತ್ತೆ, ನಮ್ಮ ಹಗ್ಗ ಸಾಲೋದಿಲ್ಲ,” ಎಂದು ಗುದ್ದಲಿ ಒರೆಸಿದ. “ನಡಿ, ನಿನ್ನ ನಲ್ಲಿ ನೋಡೋಣ.”

ಗೆರಾಲ್ಡ್‌ಟನ್‌ನಲ್ಲಿ ನಾಲ್ಕು ವರ್ಷ ಬದುಕಿದ. ಕೊನೆಯ ವಾರ ಆಸ್ಪತ್ರೆಯಲ್ಲಿ ನನಗೆ ತಡೆಯಲಾಗಲಿಲ್ಲ. “ಪರ್ಸಿ, ಆವತ್ತು ತಟ್ಟೇಲಿ...”

“ಏಳು ಅಂದೆ ನೀನು,” ಎಂದು ಮಧ್ಯೆ ಬಾಯಿ ಹಾಕಿದ. “ಎಣಿಸೋದ್ರಲ್ಲಿ ಮೊದಲಿಂದ್ಲೂ ದಡ್ಡಿ. ನನ್ನ ಹೆಬ್ಬೆರಳಿಗೆ ಎಂಟು ಸಿಕ್ಕಿತ್ತು.”

ಮಹಾ ಕಳ್ಳ! ತಟ್ಟೆಯಲ್ಲಿ ಏನೂ ಇರಲಿಲ್ಲ ಅಂತ ಗೊತ್ತಿದ್ದೂ ಒಂದು ಚಳಿಗಾಲ ಪೂರ್ತಿ ಅಗೆದಿದ್ದ. ನಾನು ಅಳುತ್ತಲೇ ಬೈದೆ, ಅವನು ನಗುತ್ತಲೇ ಬೈಸಿಕೊಂಡ.