ಒಂದಾಳು ಎತ್ತರದ ಸುಳ್ಳು

"ಇವನು ಹಸುವಿನ ವಯಸ್ಸು ಹೇಳಿದ್ರೆ ಬಾಯಿ ಬಿಡಿಸಿ ಹಲ್ಲು ನೋಡ್ಬೇಕು. ಹಸುವಿನದ್ದಲ್ಲ, ಇವನದ್ದು."

ಹಾಗಂದವಳು ಅತ್ತೆ, ಅಪ್ಪನ ಒಡಹುಟ್ಟಿದ ಅಕ್ಕ. ಅಂದದ್ದು ಅವಳ ಅತಿಥಿಗೃಹದ ಮಹಡಿ ಜಗಲಿಯಲ್ಲಿ, ಕಣಿವೆ ರಕ್ಷಣಾ ಸಮಿತಿಯ ಅಷ್ಟೂ ಜನರೆದುರು. ಆ ಸಮಿತಿಯಲ್ಲಿ ಅವಳೂ ಒಬ್ಬಳು. ಎಲ್ಲರೂ ನಕ್ಕರು. ಬಾಯಲ್ಲಿ ಬಿಸ್ಕತ್ತಿದ್ದ ಅಧ್ಯಕ್ಷರು ಕೆಮ್ಮಿ ಕೆಮ್ಮಿ ನಕ್ಕರು. ಅಪ್ಪನೂ ನಕ್ಕ, ಕಿವಿ ಮಾತ್ರ ಕೆಂಡವಾಗಿತ್ತು.

"ಅತ್ತೆ, ನಿಮ್ಮವು ಕಟ್ಟಿಸಿದ ಹಲ್ಲಲ್ವಾ?" ಎಂದೆ ನಾನು.

"ಅರ್ಜಿದಾರರು ಬಿಟ್ಟು ಬೇರೆಯವರು ಮಾತಾಡೋ ಹಾಗಿಲ್ಲ," ಎಂದರು ಅಧ್ಯಕ್ಷರು. "ಇನ್ನೊಂದ್ಸಲ ಬಾಯಿ ಹಾಕಿದ್ರೆ ಅರ್ಜಿನೇ ಪಕ್ಕಕ್ಕಿಡ್ತೀನಿ."

ಶಾಲೆಯಲ್ಲೂ ನನಗೆ ಇದನ್ನೇ ಹೇಳುತ್ತಿದ್ದರು. ಅಲ್ಲಿಂದ ಅರ್ಧಕ್ಕೇ ಎದ್ದು ಬಂದೆ. ಇಲ್ಲಿಂದ ಏಳುವ ಹಾಗಿರಲಿಲ್ಲ, ಕೆಳಗೆ ಕಣಿವೆಯಲ್ಲಿ ನಮ್ಮ ಹಸುಗಳಿದ್ದವು.

ಅವು ಇರುವುದು ಮುತ್ತಜ್ಜ ಕಟ್ಟಿದ ಕಲ್ಲಿನ ಕೊಟ್ಟಿಗೆಯಲ್ಲಿ. ಅದರ ಫೋಟೋ ಕ್ಯಾಲೆಂಡರಿನಲ್ಲೂ ಬಂದಿದೆ, ಆದರೆ ಕ್ಯಾಲೆಂಡರಿಗೆ ವಾಸನೆ ಇರುವುದಿಲ್ಲವಲ್ಲ. ಆ ನೆಲದಲ್ಲಿ ಗಂಜಳ ನಿಂತು, ಜಾರಿ, ನಮ್ಮ ಕೆಂದಿ ಹಸು ಸೊಂಟ ಮುರಿದುಕೊಂಡಿತು. ತೊಳೆಯಲು ಬರುವಂಥ ಹೊಸ ಕೊಟ್ಟಿಗೆ ಕಟ್ಟದಿದ್ದರೆ ಈ ಚಳಿಗಾಲದಿಂದ ನಿಮ್ಮ ಹಾಲು ಬೇಡ ಎಂದು ಡೇರಿಯವರು ಹೇಳಿಬಿಟ್ಟಿದ್ದರು. ಕಟ್ಟೋಣವೆಂದರೆ ಇಡೀ ಕಣಿವೆ ಪಾರಂಪರಿಕವಂತೆ. ಇಲ್ಲಿ ನಾಯಿಗೂಡು ಕಟ್ಟಬೇಕಾದರೂ ಮೊದಲು ನಾಯಿ ಬಂದು ಸಮಿತಿಯ ಮುಂದೆ ಬಾಲ ಅಲ್ಲಾಡಿಸಬೇಕು.

ಸಮಿತಿಯದೊಂದು ಪದ್ಧತಿ ಇದೆ. ಕಟ್ಟಡ ಎಷ್ಟೆತ್ತರ ಏಳುತ್ತದೋ ಅಷ್ಟುದ್ದದ ಕಂಬಗಳನ್ನು ಜಾಗದಲ್ಲಿ ನೆಟ್ಟು ತುದಿಗೆ ಕೆಂಪು ಬಟ್ಟೆ ಕಟ್ಟಬೇಕು. ಅವರು ದೂರದಿಂದ ನೋಡಿ ಹೂಂ ಇಲ್ಲವೇ ಊಹೂಂ ಅನ್ನುತ್ತಾರೆ.

ಅಪ್ಪ ಹಾಲಿಗೆ ಇಳಿಯುವ ಮೊದಲು ದನದ ವ್ಯಾಪಾರ ಮಾಡಿದವನು. ಮೊದಲು ಹೇಳಿದ ಬೆಲೆಗೇ ಯಾರಾದರೂ ಕೊಂಡುಬಿಟ್ಟರೆ ರಾತ್ರಿಯೆಲ್ಲ ನಿದ್ದೆ ಮಾಡುತ್ತಿರಲಿಲ್ಲವಂತೆ.

"ಬೇಕಾದ್ದಕ್ಕಿಂತ ಒಂದಾಳೆತ್ತರ ಜಾಸ್ತಿ ನೆಡೋ," ಎಂದ. "ಇಳಿಸಿ ಅಂತಾರೆ. ತಲೆ ಕೆರ್ಕೊಂಡು, ಒಂದು ನಿಟ್ಟುಸಿರು ಬಿಟ್ಟು ಇಳಿಸೋಣ. ಅವರಿಗೂ ಗೆದ್ದ ಹಾಗಿರತ್ತೆ."

"ಅಪ್ಪಾ, ಅವರೇನು ದನ ಕೊಳ್ಳೋಕೆ ಬರ್ತಿದಾರಾ?"

"ಯಾರಾದ್ರೇನು, ಚೌಕಾಸಿ ಮಾಡದೆ ಇರೋ ಮನುಷ್ಯನ್ನ ನೋಡಿದೀಯಾ ನೀನು?"

ನಕ್ಷೆಯಲ್ಲೂ ಅದೇ ಎತ್ತರ ಹಾಕಿಸಿದ. ಬೈದುಕೊಂಡೇ ನಾನು ಗುಂಡಿ ತೋಡಿದೆ.

ಈಗ ಅತ್ತೆಯ ಜಗಲಿಯಲ್ಲಿ ದುರ್ಬೀನು ಕೈಯಿಂದ ಕೈಗೆ ದಾಟುತ್ತಿತ್ತು. ನನಗೆ ಅದರ ಅಗತ್ಯವೇ ಇರಲಿಲ್ಲ. ಇಳಿಜಾರಿನ ಹಳೆಯ ಕಲ್ಲುಗೋಡೆ ಇಡೀ ಕಣಿವೆಯನ್ನು ಒಂದೇ ಎಳೆಯಲ್ಲಿ ಸುತ್ತಿಕೊಂಡು ಹೋಗಿತ್ತು. ನಡುವೆ ನಮ್ಮ ಕಂಬಗಳು ಅದನ್ನು ದಾಟಿ, ಹಲ್ಲುಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಎದ್ದು ಕಾಣುತ್ತಿದ್ದವು. ಹುಟ್ಟಿದಾಗಿನಿಂದ ಆ ಗೋಡೆಗೆ ಉಚ್ಚೆ ಹೊಯ್ದವನು ನಾನು, ಅದನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು. ಹಾಳಾದ್ದು, ಚೆಂದವಿತ್ತು. ಅದಕ್ಕೂ ಸಿಟ್ಟು ಬಂತು.

"ಕೊಟ್ಟಿಗೆ ಬೇಡ ಅಂತ ನಾವು ಹೇಳ್ತಿಲ್ಲ," ಎಂದರು ಅಧ್ಯಕ್ಷರು. "ಹಾಲು ಕುಡಿಯೋರೇ ಎಲ್ಲಾ. ಇಲ್ಲಿಂದ ನೋಡೋವಾಗ ಗೋಡೆಗಿಂತ ತಗ್ಗಿದ್ದಿದ್ರೆ ಇಲ್ಲೇ ಸಹಿ ಹಾಕ್ತಿದ್ದೆ. ಇದು ಆಗಲ್ಲ. ತಿರಸ್ಕಾರ ಅಂತ ಬರೀತೀನಿ. ಇನ್ನೆರಡು ವರ್ಷ ಮತ್ತೆ ಅರ್ಜಿ ಹಾಕೋ ಹಾಗಿಲ್ಲ."

ಅಪ್ಪ 'ಇಳಿಸಿ' ಎಂಬ ಮಾತಿಗಾಗಿ ಕಾದ. ತಲೆ ಕೆರೆದುಕೊಂಡ. ನಿಟ್ಟುಸಿರನ್ನೂ ಬಿಟ್ಟ. ಯಾರೂ ಅವನ ಕಡೆ ನೋಡಲಿಲ್ಲ, ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಒಂದಾಳು ಇಳಿಸಿದ್ದರೆ ಗೋಡೆಗಿಂತ ಗೇಣುದ್ದ ತಗ್ಗು. ನಮಗೆ ಬೇಕಾಗಿದ್ದದ್ದೂ ಅಷ್ಟೇ.

ಅತ್ತೆ ಕಂಬಗಳನ್ನು ನೋಡಿದಳು, ಆಮೇಲೆ ಅಪ್ಪನನ್ನು. ಒಂದೇ ಒಲೆಯ ಮುಂದೆ ಬೆಳೆದವಳು, ಅವಳಿಗೆ ಗೊತ್ತಾಗದೆ ಇರುತ್ತದೆಯೇ.

"ಒಂದ್ನಿಮಿಷ, ಬರೀಬೇಡಿ," ಎಂದಳು. "ತಮ್ಮಾ, ನಿಜ ಹೇಳು. ನಿನಗೆ ಬೇಕಾಗಿರೋದು ಎಷ್ಟೆತ್ತರ?"

"ಕಡಿಮೆ ಸಾಕು ಅಂದ್ರೆ ಈಗಲೇ ತಿದ್ದಿ ಕೊಡ್ತೀನಿ," ಎಂದರು ಅಧ್ಯಕ್ಷರು.

ಅತ್ತೆಯ ದನಿಯಲ್ಲಿ ಈಗ ಕೊಂಕಿರಲಿಲ್ಲ. ಅದು ಕೇಳಿಸಿದ್ದು ನನಗೊಬ್ಬನಿಗೇ ಇರಬೇಕು. ಉಳಿದವರೆಲ್ಲ ಅಪ್ಪನ ಬಾಯನ್ನೇ ನೋಡುತ್ತಿದ್ದರು. ಸಮಿತಿಯವನೊಬ್ಬನ ತುಟಿಯಂಚಿನಲ್ಲಿ ನಗು ಆಗಲೇ ಬಂದು ಕೂತಿತ್ತು. 'ಒಂದಾಳು ಕಮ್ಮಿ ಸಾಕು' ಎಂದಿದ್ದರೆ ಕೊಟ್ಟಿಗೆ ನಮ್ಮದು. ಅಪ್ಪ ಸುಳ್ಳ ಎಂಬ ಹಲ್ಲಿನ ಮಾತೂ ಅಲ್ಲೇ ನಿಜವಾಗುತ್ತಿತ್ತು.

ನನ್ನ ಬಾಯಿಗೆ ಬೀಗ ಹಾಕಿದ್ದರು. ಅಪ್ಪನ ಕಾಲು ತುಳಿದೆ. ಹೇಳು ಮಾರಾಯ, ನಕ್ಕರೆ ನಗಲಿ, ಇವರ ನಗುವನ್ನು ಹಸು ಮೇಯುತ್ತದೆಯೇ?

ಅಪ್ಪ ಕಾಲನ್ನು ಮೆಲ್ಲಗೆ ಬಿಡಿಸಿಕೊಂಡ. ಕುಡಿಯದ ಚಹಾ ಜಗಲಿಯ ಕಟಕಟೆಯ ಮೇಲಿಟ್ಟ. ಅಕ್ಕನನ್ನು ಒಮ್ಮೆ ನೋಡಿ, ಮೆಟ್ಟಿಲಿಳಿದು ಹೋದ.

"ಏ ತಮ್ಮಾ," ಎಂದು ಅತ್ತೆ ಕಟಕಟೆಯಿಂದ ಬಗ್ಗಿ ಕರೆದಳು.

ಕೆಳಗೆ ಅವನು ಗೇಟು ದಾಟಿ, ಹೊಲದ ಕಾಲುದಾರಿ ಹಿಡಿದು, ಕಂಬಗಳ ನಡುವಿನಿಂದಲೇ ತಲೆಯೆತ್ತದೆ ನಡೆದ. ಹಾಲು ಕರೆಯುವ ಹೊತ್ತಾಗಿತ್ತು.