ತಕರಾರು ಅರ್ಜಿ

"ಆ ನೀಲಿ ಅಂಗಿ ಬೇಡ, ತೆಗಿ," ಎಂದಳು ಹೆಂಡತಿ.

ಮಗಳು ಆಗಲೇ ಅಪ್ಪನ ಒಂದು ಕೈಯನ್ನು ತೋಳಿಗೆ ತೂರಿಸಿಯಾಗಿತ್ತು. "ಇಸ್ತ್ರಿ ಆಗಿರೋದು ಇದೊಂದೇ ಅಮ್ಮ."

"ಗೊತ್ತು. ಯಾರಿಗೋಸ್ಕರ ಇಸ್ತ್ರಿ ಆಗಿತ್ತು ಅನ್ನೋದೇ ಗೊತ್ತಿಲ್ಲ."

ಮಗಳು ಅಂಗಿ ಬಿಚ್ಚಿದಳು. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅವಳಿಗೆ ಇಂಥ ಕೆಲಸ ಹೊಸದೇನಲ್ಲ. ಆದರೆ ಈ ಉಗುರುಗಳ ಸಂದಿಯಲ್ಲಿ ಎಣ್ಣೆಯ ಕಪ್ಪು ಇನ್ನೂ ಹಾಗೇ ಇತ್ತು. ಮೂವತ್ತೈದು ವರ್ಷ ಹೊಲಿಗೆ ಯಂತ್ರ ರಿಪೇರಿ ಮಾಡಿದವನು ಅವನು. ಬೀದಿಗೆಲ್ಲ ಮಿಷನ್ ಮಾಮ. ನಿನ್ನೆ ಸಂಜೆ ಅಂಗಡಿಯ ಷಟರ್ ಎಳೆಯುವಾಗ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಹೊರಗೆ ಅವನ ಅಣ್ಣ, ನಿವೃತ್ತ ಮೇಷ್ಟ್ರು, ಗಾಡಿಯವನಿಗೆ ದಾರಿ ಹೇಳುತ್ತಿದ್ದವರು ಒಳಗೆ ಬಂದು ದನಿ ತಗ್ಗಿಸಿದರು.

"ಗೇಟಿನ ಹತ್ರ ಒಬ್ಬಳು ನಿಂತಿದ್ದಾಳೆ. ಕೈಯಲ್ಲಿ ಕವರ್ ಇದೆ. ಯಾರಮ್ಮ ಅವಳು?"

ಹೆಂಡತಿ ಕಿಟಕಿಯಿಂದ ನೋಡಿದಳು. ಬೂದು ಬಣ್ಣದ ಸೀರೆ, ಐವತ್ತರ ಆಸುಪಾಸು. ಮುಖ ಗುರುತು ಸಿಕ್ಕಿತು. ಪರದೆ ಎಳೆದಳು.

*

ಎರಡು ವರ್ಷದಿಂದ, ತಿಂಗಳ ಎರಡನೇ ಬುಧವಾರ ಬಂತೆಂದರೆ ಅವನು ನೀಲಿ ಅಂಗಿ ತೊಟ್ಟು ಬಸ್ಸು ಹತ್ತುತ್ತಿದ್ದ.

"ಎಲ್ಲಿಗೆ?"

"ಮಿಷನ್ ನೋಡೋಕೆ."

"ಟೂಲ್ ಬ್ಯಾಗ್ ಇಲ್ದೆ?"

"ಬರೀ ನೋಡೋಕೆ."

"ಊರಿನ ಮಿಷನ್‌ಗೆಲ್ಲ ಎಣ್ಣೆ ಬಿಡ್ತೀರ. ನಮ್ಮನೆ ಬಾಗಿಲು ವರ್ಷದಿಂದ ಕಿರುಗುಡ್ತಿದೆ."

ಅವನು ನಕ್ಕು ಜಾರಿಕೊಳ್ಳುತ್ತಿದ್ದ. ಒಂದು ಬುಧವಾರ ಅವಳು ಅದೇ ಬಸ್ಸನ್ನು ಹಿಂದಿನ ಬಾಗಿಲಿನಿಂದ ಹತ್ತಿದಳು. ಅವನು ಸರ್ಕಾರಿ ಕಚೇರಿಯಂಥ ಹಳೆಯ ಕಟ್ಟಡದೊಳಗೆ ಹೋದ. ತೆರೆದ ಬಾಗಿಲಿನಾಚೆ ಮೇಜಿನ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ. ಎದುರಿಗಿದ್ದ ಹೆಂಗಸು ತನ್ನ ಬಾಟಲಿಯ ನೀರನ್ನೇ ಅವನಿಗೆ ಕೊಟ್ಟಳು.

ಇವಳು ಸಿಕ್ಕ ಮೊದಲ ಬಸ್ಸಿಗೆ ಹಿಂತಿರುಗಿದಳು. ಮನೆಗೆ ಬಂದು ಏನೂ ಕೇಳಲಿಲ್ಲ. ಕೇಳಿದರೆ ಹೇಳಿಬಿಟ್ಟಾನೆಂಬ ಹೆದರಿಕೆ. ಅಂದಿನಿಂದ ಅವನ ಜೇಬು ನೋಡುವುದು, ಅವನು ಫೋನಿನಲ್ಲಿ ಮಾತಾಡಿದರೆ ಬಾಗಿಲ ಹಿಂದೆ ನಿಲ್ಲುವುದು ಅಭ್ಯಾಸವಾಯಿತು. ಅವನೂ ಅವಳನ್ನು ಓರೆಗಣ್ಣಿನಿಂದ ಗಮನಿಸುತ್ತಿದ್ದ. ಅದು ಕಳ್ಳನ ನೋಟ ಎಂದೇ ಅವಳು ತಿಳಿದಿದ್ದಳು.

*

ಸ್ಮಶಾನದ ಕಚೇರಿಯ ಜಗಲಿಯಲ್ಲಿ ಸರದಿಗಾಗಿ ಕಾಯಬೇಕಿತ್ತು. ಆ ಹೆಂಗಸು ಅಲ್ಲಿಗೂ ಬಂದು ಕಂಬದ ಪಕ್ಕ ನಿಂತಳು.

"ಏನಾದ್ರೂ ಕೇಳೋಕೇ ಬಂದಿರ್ತಾಳೆ. ನೀನು ಮಾತಾಡ್ಬೇಡ, ನಾನು ಸಾಗಹಾಕ್ತೀನಿ," ಎಂದರು ಮೇಷ್ಟ್ರು.

"ಬೇಡಿ ಭಾವ." ಹೆಂಡತಿ ನೇರ ನಡೆದಳು. "ನನ್ನ ಗಂಡನಿಗೆ ನೀರು ಕೊಟ್ಟವಳು ನೀನೇ ಅಲ್ವಾ?"

ಹೆಂಗಸು ತಬ್ಬಿಬ್ಬಾದಳು. "ಎಲ್ರಿಗೂ ಕೊಡ್ತೀನಮ್ಮ. ನಾನು ಜನನ ದಾಖಲೆ ಕಚೇರಿ ಗುಮಾಸ್ತೆ. ದತ್ತು ಹೋದವರು ತಮ್ಮ ಹುಟ್ಟಿನ ಕಡತ ನೋಡ್ಬಹುದು ಅಂತ ಎರಡು ವರ್ಷದ ಹಿಂದೆ ಕಾನೂನು ಬಂತಲ್ಲ, ಆ ವಾರದ ಮೊದಲ ಅರ್ಜಿ ನಿಮ್ಮ ಯಜಮಾನರದ್ದು. ಇವತ್ತೂ ವಿಚಾರಣೆ ಇತ್ತು. ಬರ್ಲಿಲ್ಲ ಅಂತ, ಅವರು ಕೊಟ್ಟಿದ್ದ ಪಕ್ಕದಂಗಡಿ ನಂಬರಿಗೆ ಫೋನ್ ಮಾಡಿದೆ. ಅಲ್ಲಿಯವರು ಹೇಳಿದ್ರು."

ಅವನು ಸಾಕಿದ ಮಗ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ.

"ಎರಡು ವರ್ಷ ಆದ್ರೂ ನೋಡೋಕೆ ಆಗ್ಲಿಲ್ವಾ?" ಎಂದಳು ಮಗಳು.

"ಮನೆಯವರಿಂದ ತಕರಾರು ಅರ್ಜಿ ಬಂದಿತ್ತು. ಅದಿರೋವರೆಗೂ ಕಡತ ತೆಗೆಯೋ ಹಾಗಿಲ್ಲ. ಹಾಕಿದ್ದು ಯಾರು ಅಂತ ಹೇಳೋಕೂ ನಿಯಮ ಬಿಡಲ್ಲ." ಗುಮಾಸ್ತೆ ಹೆಂಡತಿಯ ಮುಖ ನೋಡಿದಳು. "ಅವರಿಗೆ ನಿಮ್ಮ ಮೇಲೇ ಅನುಮಾನ ಇತ್ತಮ್ಮ. ಕೇಳಿಬಿಡಿ ಅಂದೆ. ಕೇಳಿದ್ರೆ ಹೌದು ಅಂದ್ಬಿಟ್ರೆ ಆಮೇಲೆ ಒಂದೇ ಮನೇಲಿ ಹೇಗಿರೋದು ಅಂದ್ರು."

ಹೆಂಡತಿ ಜಗಲಿಯ ಕಟ್ಟೆ ಹಿಡಿದು ಕೂತಳು.

"ಮನೆತನದ ಮಾನ ಅಂತ ಬರೆದ್ರೆ ತಪ್ಪೇನಿದೆ?" ಎಂದರು ಮೇಷ್ಟ್ರು, ಯಾರೂ ಕೇಳದಿದ್ದರೂ. "ನಮ್ಮಮ್ಮ ಸತ್ತು ಹದಿನೈದು ವರ್ಷ. ಅವಳ ಹೆಸರು ಕಚೇರಿ ಕಚೇರಿ ಅಲೀಬೇಕಾ?"

ಹೆಂಡತಿ ಮೆಲ್ಲಗೆ ತಲೆ ಎತ್ತಿದಳು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಲ್ಲ ಭಾವ."

ಗುಮಾಸ್ತೆ ಕವರಿನಿಂದ ಒಂದು ಹಾಳೆ ತೆಗೆದು ಮಗಳ ಕೈಗಿತ್ತಳು. ಅವನ ಅರ್ಜಿಯ ಪ್ರತಿ. ಕಾರಣ ಎಂಬಲ್ಲಿ ಅವನ ದಪ್ಪಕ್ಷರದಲ್ಲಿ ಹೀಗಿತ್ತು: ಅಮ್ಮನನ್ನು ಕೇಳಿದಾಗೆಲ್ಲ ಬೇರೆ ಬೇರೆ ಉತ್ತರ ಬಂತು. ಕೊಟ್ಟರೋ, ಬಿಟ್ಟರೋ, ಕದ್ದರೋ, ಅಷ್ಟು ತಿಳಿದರೆ ಸಾಕು.

ಮಗಳು ಅದನ್ನು ಗಟ್ಟಿಯಾಗಿ ಓದಿದಳು. ಮೇಷ್ಟ್ರು ಕನ್ನಡಕ ತೆಗೆದರು.

"ಕದ್ದದ್ದಲ್ಲ," ಎಂದರು. "ನಾನೂ ಹೋಗಿದ್ದೆ."

*

ಆಗ ಮೇಷ್ಟ್ರಿಗೆ ಹತ್ತು ವರ್ಷ. ಆಸ್ಪತ್ರೆಯ ಹಿಂಬಾಗಿಲಿನ ಬೆಂಚಿನ ಮೇಲೆ ತೆಳ್ಳಗಿನ ಹುಡುಗಿಯೊಬ್ಬಳು ಕೂತಿದ್ದಳು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಳು, ಮಸಿ ಇನ್ನೂ ಆರಿರಲಿಲ್ಲ. ಅಮ್ಮ ಮಗುವನ್ನು ಎತ್ತಿಕೊಂಡರೂ ಹುಡುಗಿ ಹೊದಿಕೆಯ ಅಂಚು ಬಿಡಲಿಲ್ಲ. "ಬಿಡಿಸೋ," ಎಂದಳು ಅಮ್ಮ. ಅವರು ಒಂದೊಂದೇ ಬೆರಳು ಬಿಡಿಸಿದರು. ಐದನೆಯದನ್ನು ಬಿಡಿಸುವಾಗ ಹುಡುಗಿ, "ನಾಳೆ ಬರ್ತೀನಿ, ನಾಳೆವರೆಗೆ ಇಟ್ಕೊಳ್ಳಿ," ಎಂದಳು. ಅಮ್ಮ ಹೂಂ ಎಂದಳು. ಆ ವಾರವೇ ಅಮ್ಮ ಮನೆ ಬದಲಾಯಿಸಿದಳು.

*

"ಹಾಗಾದ್ರೆ ಕೊಟ್ಟಿದ್ದಾ?" ಎಂದಳು ಮಗಳು.

ಮೇಷ್ಟ್ರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. "ಅಮ್ಮನ ಹೆಸರಿಗೆ ಬಂದ ನೋಟಿಸು ನನ್ನ ಕೈಗೆ ಸಿಕ್ತು. ಕಡತದಲ್ಲಿ ಆ ನಾಳೆ ಅನ್ನೋದೂ ಬರ್ದಿದ್ರೆ? ಅವನು ನನ್ನನ್ನ ಅಣ್ಣ ಅಂತಿದ್ದ. ಅದನ್ನ ಓದಿದ್ಮೇಲೂ ಅಂತಿದ್ನಾ?" ಎಂದರು.

"ಅರ್ಜಿದಾರರ ಮಕ್ಕಳೂ ಕಡತ ಕೇಳ್ಬಹುದು," ಎಂದಳು ಗುಮಾಸ್ತೆ. "ತಕರಾರು ವಾಪಸ್ ತಗೊಂಡಿದ್ದೀನಿ ಅಂತ ಒಂದು ಸಾಲು ಬೇಕು, ಅಷ್ಟೇ."

ಒಳಗಿನಿಂದ ಕೂಗು ಬಂತು: "ಮನೆಯವರು ಬನ್ನಿ!"

ಹೆಂಡತಿ ಎದ್ದಳು. ಭಾವನ ಕಡೆ ನೋಡದೆ, ಸೆರಗು ಬಿಗಿದುಕೊಂಡು ಒಬ್ಬಳೇ ಒಳಗೆ ಹೋದಳು.

ಮಗಳು ಬಿಳಿ ಹಾಳೆಯೊಂದನ್ನು ಕಟ್ಟೆಯ ಮೇಲೆ ಹರಡಿ ಪೆನ್ನು ಇಟ್ಟಳು. ಗಾಳಿಯಿತ್ತು. "ಬರೀರಿ ದೊಡ್ಡಪ್ಪ," ಎಂದು ಎದುರಿಗೆ ಮಂಡಿಯೂರಿ, ಎರಡೂ ಅಂಗೈಯಿಂದ ಹಾಳೆಯನ್ನು ಒತ್ತಿ ಹಿಡಿದಳು. ಮೇಷ್ಟ್ರ ಅಕ್ಷರಗಳು ಅವಳ ಕಡೆಗೆ ತಲೆಕೆಳಗಾಗಿ ಒಂದೊಂದೇ ಮೂಡತೊಡಗಿದವು. ಅವಳು ಕಣ್ಣು ಕೀಳದೆ ಪ್ರತಿ ಅಕ್ಷರವನ್ನೂ ಓದುತ್ತಿದ್ದಳು.